ಚಿಕ್ಕಪ್ಪನ ಲಿನಕ್ಸೂ ನನ್ನ ಮದುವೆಯ ರವಿಕೆಯೂ

ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಚಿಕ್ಕಪ್ಪನ ಕೈಯಿಂದ ಬಚಾವಾದ ವಸ್ತು ಈ ಭೂಮಿಯ ಮೇಲೆ ಇಲ್ಲ! ಕೆಟ್ಟಿದ್ದನ್ನು ರಿಪೇರಿ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಕೆಡದೇ ಇದ್ದದ್ದನ್ನು ರಿಪೇರಿ ಮಾಡುವವರು ಇಡೀ ಕೊಡಿಗೇಹಳ್ಳಿಗೆ ಇವರೊಬ್ಬರೇ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವು ನಿಮ್ಮ ಮನೆಯ ಮಿಕ್ಸಿ ಹಿಡಿದುಕೊಂಡು ಬರುತ್ತೀರಿ, ಅವರು ಇಲ್ಲ ಅನ್ನುವುದಿಲ್ಲ, ಆಮೇಲೆ ನೀವು ಜೀವನಪೂರ್ತಿ ಚಟ್ನಿಯನ್ನು ಕೈಯಲ್ಲಿ ರುಬ್ಬಿಕೊಂಡು ನನ್ನನ್ನು ಬೈಯುತ್ತೀರಿ.

ಉದಾಹರಣೆ ಬೇಕಾ? ನನ್ನ ಮದುವೆ ಮಾತುಕತೆಯಾದ ಮೇಲೆ ಗಂಡಿನ ಮನೆ ನೋಡಲು ನಮ್ಮವರೆಲ್ಲ ಆರ್.ಟಿ. ನಗರಕ್ಕೆ ಹೋಗಿದ್ದರು. ಕೇಸರಿಬಾತು ಬಂತು, ಉಪ್ಪಿಟ್ಟು ಬಂತು, ಚಿಕ್ಕಪ್ಪ ಮಾತ್ರ ಕಾಣಿಸಲಿಲ್ಲ. ಹುಡುಕಿದರೆ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕಾಲಿಂಗ್ ಬೆಲ್ಲಿನ ಹೊಟ್ಟೆ ಬಗೆಯುತ್ತಿದ್ದಾರೆ!

"ಏನಾಯ್ತು ಸಾರ್ ಬೆಲ್‌ಗೆ?" ಎಂದರಂತೆ ಆಗಿನ್ನೂ ಮಾವನಾಗಿರದ ನಮ್ಮ ಮಾವ.

"ಏನೂ ಆಗಿಲ್ಲ ಸಾರ್. ಎಲ್ಡ್ ಸಲ ಒಡೀತಿತ್ತು. ಒಂದ್ ಸಲ ಒಡುದ್ರೆ ಸಾಕಲ್ವಾ, ಸುಮ್ನೆ ಯಾಕ್ ಕರೆಂಟ್ ದಂಡ?"

ಅದು ಡಿಂಗ್ ಡಾಂಗ್ ಬೆಲ್ಲು ಸ್ವಾಮಿ! ಇವರು ಡಾಂಗ್ ಅನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಈಗಲೂ ನನ್ನ ಅತ್ತೆಮನೆಗೆ ಯಾರಾದರೂ ಬಂದರೆ "ಡಿಂಗ್" ಎಂದಷ್ಟೇ ಕೇಳಿಸುತ್ತದೆ, ಇನ್ನರ್ಧಕ್ಕೆ ನಾವೆಲ್ಲ ಕಾಯುತ್ತ ನಿಂತುಬಿಡುತ್ತೇವೆ. ಆದರೂ ಮದುವೆ ಮುರಿಯಲಿಲ್ಲ ನೋಡಿ, ಅಲ್ಲಿಗೇ ಗೊತ್ತಾಯಿತು ನನಗೆ, ಇದು ಒಳ್ಳೆಯ ಮನೆತನ ಅಂತ.

ಇಂಥ ಚಿಕ್ಕಪ್ಪ ಕಾರ್ಖಾನೆಯ ಕೆಲಸದಿಂದ ಮುಂಚಿತವಾಗಿಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಾಗ, ಯಾರೋ ಪುಣ್ಯಾತ್ಮರು ಒಂದು ಸಿ.ಡಿ. ಕೊಟ್ಟರು. ಅದರಲ್ಲಿ ಲಿನಕ್ಸ್ ಇತ್ತು. ವಿಂಡೋಸ್ ಬದಲಿಗೆ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ, ಪುಕ್ಕಟೆಯಾಗಿ ಸಿಗುವ, ಒಳಗಿನ ಒಂದೊಂದು ಮೊಳೆಯನ್ನೂ ನಾವೇ ಬಿಚ್ಚಬಹುದಾದ ವ್ಯವಸ್ಥೆ. ಬಿಚ್ಚಬಹುದು! ಚಿಕ್ಕಪ್ಪನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಯಾವುದಿದೆ ಹೇಳಿ?

"ನಮ್ಮನೆ ಗೇಟಿನ ಬೀಗದ ಕೈ ನಮ್ತಾವೇ ಇರ್ಬೇಕಾ, ಬೇಡ್ವಾ?" ಎಂದು ಸಿಕ್ಕವರನ್ನೆಲ್ಲ ಕೇಳತೊಡಗಿದರು. ಇರಬೇಕು ಎಂದವರ ಕಂಪ್ಯೂಟರಿಗೆ ಅಂದೇ ಲಿನಕ್ಸ್ ಹಾಕಿದರು. ಬೇಡ ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ಕೊಡಿಗೇಹಳ್ಳಿ ಗೇಟಿನ ಕಬ್ಬಿಣದ ಅಂಗಡಿಯವರು ಹೀಗೆ ಹೌದು ಎಂದು, ಒಂದು ವಾರ ಬಿಲ್ಲನ್ನು ಕೈಯಲ್ಲಿ ಬರೆದರು. ಚಿಕ್ಕಪ್ಪನ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗನಂತೂ ಲ್ಯಾಪ್‌ಟಾಪ್ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತುತ್ತಿದ್ದ.

ಊರಲ್ಲೆಲ್ಲ ಲಿನಕ್ಸ್ ಹಬ್ಬಿಸಿದ ಚಿಕ್ಕಪ್ಪನಿಗೆ ಪ್ರವೇಶವಿಲ್ಲದ ಜಾಗವೊಂದಿತ್ತು. ಅವರದೇ ಮನೆಯ ನೆಲಮಹಡಿಯ ಅಂಗಡಿ. ಅದು ಚಿಕ್ಕಮ್ಮನ ಎಂಬ್ರಾಯಿಡರಿ ಸಾಮ್ರಾಜ್ಯ. ಅಲ್ಲಿ ಒಂದು ಕಂಪ್ಯೂಟರು, ಅದಕ್ಕೆ ದಪ್ಪ ಕೇಬಲ್ಲಿನಿಂದ ಕಟ್ಟಿಹಾಕಿದ ಒಂದು ಕಸೂತಿ ಮೆಷಿನ್ನು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ತೆರೆದು ಗುಂಡಿ ಒತ್ತಿದರೆ ಸೂಜಿ ಅದೇ ಗೆರೆಯ ಮೇಲೆ ಬಟ್ಟೆಯಲ್ಲಿ ಓಡುತ್ತದೆ. ಅಮೃತಹಳ್ಳಿಯಿಂದ ಬಾಗಲೂರಿನವರೆಗೆ ಮದುವೆಹೆಣ್ಣುಗಳ ರವಿಕೆಯ ಮೇಲೆ ಕೂತಿರುವ ನವಿಲುಗಳಲ್ಲಿ ಅರ್ಧದಷ್ಟು ನಮ್ಮ ಚಿಕ್ಕಮ್ಮನವೇ.

ಆದರೆ ನನಗೆ ನವಿಲು ಬೇಡವಾಗಿತ್ತು. ನನಗೆ ಬೇಕಾದದ್ದು ಅಜ್ಜಿಯ ರಂಗೋಲಿ.

ಅಜ್ಜಿ ಎಂದರೆ ಚಿಕ್ಕಪ್ಪನ ತಾಯಿ, ನಮ್ಮಪ್ಪನ ತಾಯಿ. ಈಗ ಮೂರು ಮಹಡಿ ಎದ್ದಿರುವ ಜಾಗದಲ್ಲಿದ್ದ ಹೆಂಚಿನ ಮನೆಯ ಮುಂದೆ ಅಜ್ಜಿ ದಿನಾ ಬೆಳಿಗ್ಗೆ ಒಂದೇ ಎಳೆ ರಂಗೋಲಿಯನ್ನು ಹಾಕುತ್ತಿದ್ದರು. ಹಬ್ಬಕ್ಕೂ ಅದೇ, ಸೂತಕ ಕಳೆದ ಮಾರನೆಯ ದಿನವೂ ಅದೇ. ನಾನು ಅದನ್ನು ಸರಿಯಾಗಿ ನೋಡಿದ್ದು ಯಾವಾಗ? ತುಳಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು, ಹಾಗಾಗಿ ಹಾರುವುದಕ್ಕಷ್ಟೇ ನೋಡಿದ್ದೆ. ಮನೆ ಕೆಡವುವ ಮುಂಚೆ ಚಿಕ್ಕಮ್ಮ ಅದರ ಮೇಲೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿ, ಪೆನ್ನಿನಲ್ಲಿ ಎಳೆ ಎಳೆಯಾಗಿ ಇಳಿಸಿಕೊಂಡು, ಆಮೇಲೆ ತನ್ನ ಕಂಪ್ಯೂಟರಿಗೆ ಸೇರಿಸಿದ್ದರು. ಹಾಳೆ ಎಲ್ಲೋ ಹೋಯಿತು. ಮನೆ ಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ ಅಜ್ಜಿಯೂ ಹೋದರು. ಉಳಿದದ್ದು ಚಿಕ್ಕಮ್ಮನ ಕಂಪ್ಯೂಟರಿನಲ್ಲಿದ್ದ ಆ ಒಂದು ಫೈಲು. ಧಾರೆ ಸೀರೆಯ ರವಿಕೆಯ ತೋಳಿನ ಮೇಲೆ ಅದು ಬರಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ನನ್ನ ಹಟ ಎಂಥದೆಂದು ನಮ್ಮ ಮನೆಯವರನ್ನು ಕೇಳಿ.

ಮದುವೆ ದೀಪಾವಳಿ ಕಳೆದ ಮೇಲೆ. ಅದಕ್ಕೆ ಮುಂಚೆ ಬಂತು ಆಯುಧಪೂಜೆ.

ಆಯುಧಪೂಜೆ ಎಂದರೆ ಏನು? ಯಂತ್ರ ತೊಳೆದು, ಒರೆಸಿ, ಬೊಟ್ಟಿಟ್ಟು, ಕುಂಬಳಕಾಯಿ ಒಡೆಯುವುದು. ಚಿಕ್ಕಮ್ಮ ಮೆಷಿನ್ನು ತೊಳೆಯಲು ಕೊಟ್ಟರೆ, ಚಿಕ್ಕಪ್ಪ ಕಂಪ್ಯೂಟರನ್ನೂ ತೊಳೆದುಬಿಟ್ಟರು. ಒಳಗಿನಿಂದ! ವಿಂಡೋಸನ್ನು ಬುಡಸಮೇತ ಅಳಿಸಿ ಲಿನಕ್ಸ್ ಹಾಕಿ, ಹೊಸ ಪರದೆಗೆ ಚೆಂಡುಹೂವಿನ ಹಾರ ಹಾಕಿ ಕೈಕಟ್ಟಿ ನಿಂತರು.

"ಇದೇನ್ರೀ ಇದು, ಬಣ್ಣ ಬೇರೆ ಐತೆ?" ಎಂದರು ಚಿಕ್ಕಮ್ಮ, ಮಂಗಳಾರತಿ ತಟ್ಟೆ ಹಿಡಿದುಕೊಂಡೇ.

"ಅಬ್ಬಕ್ಕೆ ಸರ್ಪ್ರೈಸು! ಇನ್ಮೇಲೆ ವೈರಸ್ ಬರಲ್ಲ, ಏನ್ ಬರಲ್ಲ."

"ನನ್ನ ಎಂಬ್ರಾಯಿಡರಿ ಪ್ರೋಗ್ರಾಮು?"

"ಅದೂ ಬರಲ್ಲ," ಎಂದರು ಚಿಕ್ಕಪ್ಪ. ಅದುವರೆಗೂ ಅವರಿಗೆ ಅದು ಹೊಳೆದೇ ಇರಲಿಲ್ಲ! ಆ ಪ್ರೋಗ್ರಾಮು ವಿಂಡೋಸಿಗೆಂದೇ ಮಾಡಿದ್ದು. ಫೈಲುಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದರು, ಅಷ್ಟು ಬುದ್ಧಿ ಇತ್ತು. ತೆರೆಯಲು ಬೇಕಾದ ಪ್ರೋಗ್ರಾಮೇ ಹೋಗಿತ್ತು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಟ್ಟೆ ಕೆಳಗಿಟ್ಟು, "ಮಗೀನ ಮದ್ವೆ ಒತ್ಗೆ ಆ ರಂಗೋಲಿ ಬರ್ಲಿಲ್ಲ ಅಂದ್ರೆ ನಾನ್ ಛತ್ರಕ್ಕೇ ಬರಲ್ಲ. ನೀವೇ ಒಬ್ರೇ ನಿಂತು ಧಾರೆ ನೋಡ್ಕೊಳಿ," ಎಂದು ಒಳಗೆ ಹೋದರು. ನಾನು ಸುದ್ದಿ ಕೇಳಿ ಯಲಹಂಕದಿಂದ ಸ್ಕೂಟಿ ಹತ್ತಿ ಬಂದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡು ಬಂದಿದ್ದೆ, ಒಂದನ್ನೂ ವ್ಯರ್ಥ ಮಾಡಲಿಲ್ಲ.

"ವಿಂಡೋಸ್ ಸಿ.ಡಿ. ಎಲ್ಲಿ ಚಿಕ್ಕಪ್ಪ? ಅದನ್ನೇ ವಾಪಸ್ ಹಾಕಿ!"

ಅವರು ಕಣ್ಣಿನಲ್ಲೇ ಮೇಲೆ ತೋರಿಸಿದರು. ತಾರಸಿಯ ಪರಂಗಿ ಗಿಡಕ್ಕೆ ಪಾರಿವಾಳ ಬರದಿರಲಿ ಎಂದು ಹೊಳೆಯುವ ಬಿಲ್ಲೆಯೊಂದನ್ನು ಕಟ್ಟಿದ್ದರು. ಅದೇ ಸಿ.ಡಿ! ಮಳೆಬಿಸಿಲಿಗೆ ಸಿಪ್ಪೆ ಎದ್ದಿತ್ತು. ಅದರ ಮೇಲೆ ಪಾರಿವಾಳ ತನ್ನ ಅಭಿಪ್ರಾಯವನ್ನೂ ಹಾಕಿತ್ತು.

ಎಂಬ್ರಾಯಿಡರಿ ಪ್ರೋಗ್ರಾಮಿನ ಸಿ.ಡಿ. ಮಾತ್ರ ಚಿಕ್ಕಮ್ಮನ ರೇಷ್ಮೆ ಸೀರೆಗಳ ನಡುವೆ ಭದ್ರವಾಗಿತ್ತು. ಅದನ್ನು ಎತ್ತಿಕೊಂಡು ಮಹಡಿಯ ಹುಡುಗನ ಬಾಗಿಲು ಬಡಿದೆವು. ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ಹೊಸ ವಿಂಡೋಸು. ಒಂದು ಗಂಟೆ ಒದ್ದಾಡಿ, "ಆಂಟೀ, ಇದು ತೀರಾ ಹಳೇದು, ಹೊಸದ್ರಲ್ಲಿ ಓಡಲ್ಲ," ಎಂದುಬಿಟ್ಟ. ಯಲಹಂಕದ ದೊಡ್ಡ ಕಸೂತಿ ಅಂಗಡಿಗೆ ಪೆನ್‌ಡ್ರೈವ್ ಒಯ್ದೆ. "ಈ ಥರದ ಫೈಲೇ ನೋಡಿಲ್ಲ ಮೇಡಂ. ನವಿಲು ಹಾಕ್ಕೊಡ್ಲಾ? ಚೆನ್ನಾಗಿದೆ," ಎಂದರು. ನವಿಲಿಗೆ ಬೆಂಕಿ ಹಾಕ!

ನಾನು ಅಳುಮುಖ ಹಾಕಿಕೊಂಡು ಬಂದರೆ ಚಿಕ್ಕಪ್ಪನ ಮುಖ ದೀಪದ ಹಾಗೆ ಬೆಳಗುತ್ತಿತ್ತು. "ನೋಡ್ದಾ? ಅವ್ರ್ ಒಸ ವಿಂಡೋಸ್‌ನಲ್ಲೇ ಓಡಲ್ಲ! ನನ್ನ ಲಿನಕ್ಸ್‌ನಲ್ಲಿ ಓಡುಸ್ತೀನಿ. ವೈನ್ ಆಕಿದ್ರೆ ಆಯ್ತು."

ಹೌದು, ಆ ಸಾಧನದ ಹೆಸರು ವೈನ್. ನಗಬೇಡಿ. ಆ ಜೋಕನ್ನು ನಮ್ಮ ನೆಂಟರೆಲ್ಲ ಸರದಿಯ ಮೇಲೆ ಮಾಡಿ ಮುಗಿಸಿದ್ದಾರೆ.

"ಅದೇನ್ ಮಾಡುತ್ತೆ?" ಎಂದೆ.

"ನೀನು ಮದ್ವೆ ಆಗಿ ಆರ್.ಟಿ. ನಗರಕ್ಕೆ ಓಯ್ತೀಯಲ್ಲ, ಅಲ್ಲಿ ನಿಂಗೆ ತವರುಮನೇಲೇ ಇದೀನಿ ಅನ್ನುಸ್ಬೇಕಾ, ಬೇಡ್ವಾ? ನೀನು ಕಾಫಿ ಕೇಳ್ದಾಗ ಯಾರೋ ಒಬ್ರು ಅದನ್ನ ಅಲ್ಲೀ ಅಡ್ಗೆಮನೆಗೆ ಅರ್ಥ ಆಗೋ ಅಂಗೆ ಏಳ್ಬೇಕು. ವೈನ್ ಅಂಥದು. ಪ್ರೋಗ್ರಾಮು ವಿಂಡೋಸ್ ಮಾತಾಡ್ತದೆ, ಇದು ನಡುವೆ ನಿಂತು ಲಿನಕ್ಸಿಗೆ ತಿಳುಸ್ತದೆ."

ಕೇಳಲು ಎಷ್ಟು ಸಲೀಸು! ಹಾಕಲು ಹೋದರೆ ಅದು ಒಳಗೇ ಬರಲಿಲ್ಲ. ವೈನ್ ಬರಬೇಕಾದರೆ ಇನ್ನೊಂದು ತುಣುಕು ಬೇಕಂತೆ, ಅದು ಬರಬೇಕಾದರೆ ಮತ್ತೊಂದು, ಆ ಮತ್ತೊಂದು ಬಂದರೆ ಮೊದಲಿನದು ಎದ್ದು ಹೋಗುತ್ತದಂತೆ. ಪರದೆಯ ತುಂಬ ಕೆಂಪಕ್ಷರದ ದೂರುಗಳು. ಚಿಕ್ಕಪ್ಪ ಇಂಟರ್ನೆಟ್ಟಿನಲ್ಲಿ ಯಾವುದೋ ದೇಶದ ಲಿನಕ್ಸ್ ಭಕ್ತರನ್ನೆಲ್ಲ ಎಬ್ಬಿಸಿ ಕೂರಿಸಿದರು. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅದು ತಪ್ಪು ಅನ್ನುತ್ತಿದ್ದ. ಇಬ್ಬರ ಮಾತನ್ನೂ ಚಿಕ್ಕಪ್ಪ ಮಾಡಿದರು. ಮಾರನೆಯ ದಿನ ಕಂಪ್ಯೂಟರಿನ ಮೌಸೇ ಓಡದಂತಾಯಿತು!

ಇತ್ತ ಲಗ್ನಪತ್ರಿಕೆ ಹಂಚುವ ಕೆಲಸವೂ ನಡೆದಿತ್ತು. ಚಿಕ್ಕಪ್ಪ ಜೊತೆಗೆ ಬರುತ್ತಿದ್ದರು, ಅಂದರೆ ದೇಹ ಬರುತ್ತಿತ್ತು. ಬಾಗಲೂರಿನಲ್ಲಿ ಅಜ್ಜಿಯ ತಂಗಿಯ ಮನೆಗೆ ಹೋದೆವು. ಬಾಗಲೂರಜ್ಜಿ ಪತ್ರಿಕೆ ಮುಟ್ಟಲೇ ಇಲ್ಲ.

"ನಮ್ ವಾರಗಿತ್ತಿಗೆ ಏಳಿದ್ರಾ?"

"ಇಲ್ಲ ಚಿಕ್ಕವ್ವ," ಎಂದರು ಚಿಕ್ಕಪ್ಪ. "ಅವ್ರ್ ಮಗಂಗೆ ಏಳೀವಲ್ಲ, ಒಸಾ ಬಡಾವಣೇಲಿ. ಸಾಲ್ದಾ?"

"ಅದೆಂಗಾಯ್ತದೆ? ಒಸಬ್ರ್ನ ಕರ್ದು ಅಳಬ್ರ್ನ ಬಿಟ್ರೆ? ಮೊದ್ಲು ಅಳೇ ಮನೆಗೋಗಿ ಅವ್ಳಿಗೇಳಿ. ಅವ್ಳು ಬಂದ್ರೆ ಅವಳಿಂದೆ ನಾನು ಬತ್ತೀನಿ, ನನ್ನಿಂದೆ ಬೀದಿಯೋರೆಲ್ಲ ಬತ್ತಾರೆ."

ಚಿಕ್ಕಪ್ಪ ಧಡಕ್ಕನೆ ಎದ್ದು ನಿಂತರು. ಕಾಫಿ ಪಂಚೆಯ ಮೇಲೆ. "ಅದೇ! ಅದೇ ಕಣ್ ಚಿಕ್ಕವ್ವ ನಾನ್ ಮಾಡ್ತಿರೋ ತಪ್ಪು! ಅಳಬ್ರ್ನ ಕರ್ದೇ ಇಲ್ಲ!" ಎಂದು ಆಕೆಯ ಕಾಲಿಗೆ ಬಿದ್ದು, ಉಳಿದ ಪತ್ರಿಕೆಗಳನ್ನು ನನ್ನ ಮಡಿಲಿಗೆ ಸುರಿದು, ಸಿಕ್ಕ ಬಸ್ಸು ಹತ್ತಿ ಹೊರಟೇಹೋದರು.

"ಪಾಪ, ವಾರಗಿತ್ತಿ ಮೇಲೆ ಎಷ್ಟ್ ಗೌರವ ನೋಡು," ಎಂದು ಬಾಗಲೂರಜ್ಜಿ ಕಣ್ಣೊರೆಸಿಕೊಂಡರು.

ವಿಷಯ ಏನೆಂದರೆ, ಚಿಕ್ಕಪ್ಪ ಹಾಕಿದ್ದ ಲಿನಕ್ಸು ಹೊಸ ತಳಿಯದು, ಅರವತ್ತನಾಲ್ಕು ಬಿಟ್‌ನದು. ಚಿಕ್ಕಮ್ಮನ ಪ್ರೋಗ್ರಾಮು ಹಳೆಯ ತಳಿಯದು, ಮೂವತ್ತೆರಡರದು. ಹಳೆಯ ತಳಿಯ ತುಣುಕುಗಳೂ ಬರಬಹುದು ಎಂದು ಕಂಪ್ಯೂಟರಿಗೆ ಮೊದಲೇ ಒಂದು ಮಾತು ಹೇಳಿ ಬಾಗಿಲು ತೆರೆದಿಡಬೇಕು. ಹೇಳದೆ ಅವರನ್ನು ಕರೆದರೆ ಬಂದಾರೆಯೇ? ಚಿಕ್ಕಪ್ಪ ಮನೆಗೆ ಹೋಗಿ ಆ ಒಂದು ಸಾಲು ಕುಟ್ಟಿದ್ದೇ ತಡ, ಹಳಬರು ಒಬ್ಬರ ಹಿಂದೊಬ್ಬರು ಬಂದು ಕೂತರು, ಅವರ ಹಿಂದೆ ವೈನ್ ಬಂತು. ಸಂಜೆ ನಾನು ಕೊಡಿಗೇಹಳ್ಳಿ ಮುಟ್ಟುವ ಹೊತ್ತಿಗೆ ಪರದೆಯ ಮೇಲೆ ಚಿಕ್ಕಮ್ಮನ ಪ್ರೋಗ್ರಾಮು, ಅದರೊಳಗೆ ಅಂಗೈಯಗಲ ಅಜ್ಜಿಯ ರಂಗೋಲಿ. ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನಾನು ಚಿಕ್ಕಪ್ಪನನ್ನು ಅಪ್ಪಿಕೊಂಡೇಬಿಟ್ಟೆ.

ಗುಂಡಿ ಒತ್ತಿದೆವು. ಮೆಷಿನ್ನು ಮಿಸುಕಲಿಲ್ಲ.

"ಮೆಷಿನ್ ಮುಟ್ಟೋಕೆ ನಂಗೆ ಪರ್ಮಿಷನ್ ಇಲ್ಲ ಅಂತಿದೆ," ಎಂದರು ಚಿಕ್ಕಪ್ಪ, ಪರದೆ ಓದುತ್ತ.

"ಕಂಪ್ಯೂಟರ್‌ಗೂ ಗೊತ್ತಾಗೋಯ್ತು ಬಿಡಿ," ಎಂದರು ಚಿಕ್ಕಮ್ಮ.

ಪರ್ಮಿಷನ್ನನ್ನು ಕೊಟ್ಟದ್ದಾಯಿತು. ಕೇಬಲ್ ಯಾವ ಬಾಗಿಲಿನಲ್ಲಿದೆ ಎಂದು ವೈನಿಗೆ ತೋರಿಸಿಕೊಟ್ಟದ್ದಾಯಿತು. ದೂರದೇಶದ ಭಕ್ತರನ್ನು ಮತ್ತೆ ಎಬ್ಬಿಸಿದ್ದಾಯಿತು. ವೇಗ ಕಡಿಮೆ ಮಾಡು ಎಂದರು, ಮಾಡಿದರು. ಹೆಚ್ಚು ಮಾಡು ಎಂದರು, ಮಾಡಿದರು. ವೈನನ್ನು ಪೂರ್ತಿ ತೆಗೆದು ಮತ್ತೆ ಹಾಕು ಎಂದರು, ಅದನ್ನೂ ಮಾಡಿದರು. ದೀಪಾವಳಿ ಬಂತು, ಹೋಯಿತು. ಹೋಳಿಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೀಲಿಮಣೆ ಕುಟ್ಟಿದರು. ಮೆಷಿನ್ನು ಮಾತ್ರ ಅಲುಗಲಿಲ್ಲ. ಟೈಲರು ಫೋನ್ ಮಾಡಿ, "ತೋಳಿನ ಬಟ್ಟೆ ನಾಳೆ ಕೊಡ್ದಿದ್ರೆ ಪ್ಲೇನ್ ಹೊಲೀತೀನಿ ಮೇಡಂ, ಆಮೇಲೆ ನನ್ನನ್ನ ಅನ್ಬೇಡಿ," ಎಂದ.

ನನ್ನ ತಾಳ್ಮೆಯ ಕಥೆ ಮುಗಿಯಿತು. "ಸಾಕು ಚಿಕ್ಕಪ್ಪ ನಿಮ್ಮ ರಿಪೇರಿ!" ಎಂದು ಕಿರುಚಿ ಮೆಷಿನ್ನಿಗೆ ಚುಚ್ಚಿದ್ದ ಕೇಬಲ್ಲನ್ನು ಕಿತ್ತು ನೆಲಕ್ಕೆ ಕುಕ್ಕಿದೆ. ಕುಕ್ಕಿದ ಜಾಗದಲ್ಲಿ ಒಂದಿಷ್ಟು ಕೆಂಪು ಪುಡಿ ಚೆಲ್ಲಿತು.

ಮೂವರೂ ಬಗ್ಗಿ ನೋಡಿದೆವು. ಕೇಬಲ್ಲಿನ ಬಾಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಆ ತೂತುಗಳ ತುಂಬ ಒಣಗಿ ಗಟ್ಟಿಯಾದ ಕುಂಕುಮ!

ಈಗ ಚಿಕ್ಕಮ್ಮನ ಮುಖ ನೋಡಬೇಕಿತ್ತು ನೀವು. ಆಯುಧಪೂಜೆಯ ದಿನ ಮೆಷಿನ್ನಿನ ಯಾವ ಅಂಗಕ್ಕೂ ಬೇಜಾರಾಗಬಾರದು ಎಂದು ಸೂಜಿಗೆ, ಚಕ್ರಕ್ಕೆ, ಪ್ಲಗ್ಗಿಗೆ, ಕೊನೆಗೆ ಬಿಚ್ಚಿಟ್ಟಿದ್ದ ಕೇಬಲ್ಲಿನ ಬಾಯಿಗೂ ಕಲಸಿದ ಕುಂಕುಮವನ್ನು ಒತ್ತಿ ಒತ್ತಿ ಇಟ್ಟವರು ಅವರೇ.

"ನನ್ನ ಲಿನಕ್ಸಿಂದು ಏನೂ ತಪ್ಪಿರ್ಲಿಲ್ಲ!" ಚಿಕ್ಕಪ್ಪ ಕುಣಿದರು.

"ದೇವ್ರಿಗಿಟ್ಟಿದ್ದು ತಪ್ಪಾ ಆಗಾದ್ರೆ?" ಎಂದು ಚಿಕ್ಕಮ್ಮ ತಲೆಯಿಂದ ಹೇರ್‌ಪಿನ್ ಕಿತ್ತು ಒಂದೊಂದೇ ತೂತನ್ನು ಕೆದಕತೊಡಗಿದರು. ಗಂಡನ ಮುಖ ನೋಡದೆ ಕೆದಕುತ್ತಿದ್ದರು, ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಕೇಬಲ್ ಮತ್ತೆ ಚುಚ್ಚಿ ಗುಂಡಿ ಒತ್ತಿದೆವು. ಟರ್ರ್ ಎಂದು ಮೆಷಿನ್ನು ಎದ್ದಿತು ನೋಡಿ! ಮೊದಲು ಪರೀಕ್ಷೆಗೆಂದು ಹಳೆಯ ಪಂಚೆಯ ತುಂಡು ಹಾಕಿದ್ದೆವು. ಬಿಳಿ ಬಟ್ಟೆಯ ಮೇಲೆ ಜರಿ ದಾರದಲ್ಲಿ ಎಳೆ ಎಳೆಯಾಗಿ ಅಜ್ಜಿಯ ಕೈ ಓಡತೊಡಗಿತು. ಮೂವರೂ ಮೆಷಿನ್ನಿನ ಮೇಲೆ ಬಗ್ಗಿ ನೋಡಿದೆವು.

ಮುಗಿದ ಮೇಲೆ ಬಟ್ಟೆ ಎತ್ತಿ ಹಿಡಿದೆ. ಎಲ್ಲ ಕಡೆಯೂ ಸರಿಯಾಗಿದ್ದ ರಂಗೋಲಿ ಬಲಗಡೆಯ ಕೆಳಮೂಲೆಯಲ್ಲಿ ಸೊಟ್ಟಗಾಗಿತ್ತು. ಅಲ್ಲಿಗೆ ಬಂದ ಎಳೆ ನೇರ ಹೋಗುವ ಬದಲು ಏನನ್ನೋ ಬಳಸಿಕೊಂಡು ಹೋದ ಹಾಗೆ ಹೊಟ್ಟೆ ಬಿಟ್ಟು ಸುತ್ತಿ ಬಂದಿತ್ತು.

"ಅಯ್ಯೋ ಚಿಕ್ಕಪ್ಪ, ನಿಮ್ಮ ವೈನ್ ಫೈಲ್ ಹಾಳ್ಮಾಡಿದೆ! ಇಲ್ನೋಡಿ, ಸೊಟ್ಟ! ಈ ಮೂಲೆ ಒಂದನ್ನ ಸರಿ ಮಾಡ್ಬಿಡಿ, ಬೇಗ!"

ಇಂಥ ಅಪ್ಪಣೆಗಾಗಿಯೇ ಹುಟ್ಟಿದ ಮನುಷ್ಯ ಅವರು. ಮೌಸಿನ ಮೇಲೆ ಕೈ ಹೋಯಿತು ಕೂಡ. ಆದರೆ ಬಟ್ಟೆಯ ಆ ಮೂಲೆಯನ್ನು ನೋಡಿದವರೇ ಕೈ ಹಿಂದಕ್ಕೆ ತೆಗೆದುಕೊಂಡರು.

"ಸೊಟ್ಟ ಅಲ್ಲ ಕಣಮ್ಮ ಅದು. ಅಲ್ಲಿ ಒರಳುಕಲ್ಲಿತ್ತು."

ನನಗೆ ಅರ್ಥವಾಗಲಿಲ್ಲ. ಚಿಕ್ಕಮ್ಮ ಪಿನ್ನನ್ನು ತಲೆಗೆ ಸಿಕ್ಕಿಸಿಕೊಂಡರು.

"ನೀನಿನ್ನೂ ಉಟ್ಟಿರ್ಲಿಲ್ಲ. ಬಾಗ್ಲ ಮುಂದೆ ನೆಲದಾಗೆ ಊತಿದ್ದ ಒರಳುಕಲ್ಲು. ಅಮ್ಮ ಅದ್ನ ಸುತ್ತಿ ರಂಗೋಲಿ ಆಕೋಳು. ಓಡಾಡೋಕೆ ಅಡ್ಡ ಐತೆ ಅಂತ, ಅಮ್ಮ ಬಾಗಲೂರಿಗೆ ಓಗಿದ್ದಾಗ ನಾನೇ ಕಿತ್ತು, ಸಿಮೆಂಟ್ ಬಳ್ದು ಚೊಕ್ಕಟ ಮಾಡ್ದೆ. ಬಂದ್ ನೋಡ್ಲಿ, ಖುಷಿ ಪಡ್ಲಿ ಅಂತ." ಚಿಕ್ಕಪ್ಪ ಬಟ್ಟೆಯ ಮೇಲಿನ ಆ ಸುತ್ತನ್ನು ಬೆರಳಲ್ಲಿ ಮೆಲ್ಲಗೆ ಸವರಿದರು. "ಬಂದ್ಲು. ನೋಡಿದ್ಲು. ಬೆಳಿಗ್ಗೆದ್ದು ನೀರಾಕಿ, ಕಲ್ಲಿದ್ದ ಜಾಗ ಬಿಟ್ಟು, ಸುತ್ತಾನೇ ರಂಗೋಲಿ ಆಕಿದ್ಲು. ಮನೆ ಕೆಡವೋ ಗಂಟ ಅಂಗೇ ಆಕಿದ್ಲು."

"ನೀವು ಕೇಳ್ಲಿಲ್ವಾ?"

"ಕೇಳ್ದೆ. 'ಕೈಗೆ ಅಂಗೇ ಬತ್ತದೆ ಕಣಪ್ಪ, ನೀನೇನ್ ಮಾಡ್ತಿ' ಅಂದ್ಲು."

ಅಷ್ಟು ಹೇಳಿ ಚಿಕ್ಕಪ್ಪ ಕಂಪ್ಯೂಟರಿನ ಮುಂದಿನಿಂದ ಎದ್ದರು. "ಇದೊಂದ್ನ ಮುಟ್ಬೇಡ ಮಗಾ. ಇರಾದು ಇರೋ ಅಂಗೇ ಒಲೀಲಿ," ಎಂದು ಹೇಳಿ, ಏನೋ ಮರೆತವರ ಹಾಗೆ ತಾರಸಿಗೆ ಹೋದರು. ನನಗೆ ಅಳು ಬಂತು. ತಡೆದುಕೊಳ್ಳಲೂ ಹೋಗಲಿಲ್ಲ, ಅತ್ತುಬಿಟ್ಟೆ.

ಮದುವೆಯ ದಿನ ಛತ್ರದಲ್ಲಿ ಚಿಕ್ಕಪ್ಪ ವಾಲಗದವರ ಮೈಕನ್ನು ಬಿಚ್ಚಿ ಕೂತಿದ್ದರು. ಧಾರೆಯ ಹೊತ್ತಿಗೆ ಅವರನ್ನು ಅಲ್ಲಿಂದ ಎಳೆದುಕೊಂಡು ಬಂದು ನಿಲ್ಲಿಸಿದ್ದು ಚಿಕ್ಕಮ್ಮನೇ. ಬಾಗಲೂರಜ್ಜಿ ವಾರಗಿತ್ತಿಯ ಕೈ ಹಿಡಿದು ಮುಂದಿನ ಸಾಲಿನಲ್ಲಿದ್ದರು. ಮಂಟಪದಲ್ಲಿ ನನ್ನ ಸೆರಗು ಸರಿಮಾಡಲು ಬಂದ ನಾದಿನಿ ತೋಳನ್ನು ನೋಡಿ, ಪಾಪ, ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಅತ್ತಿಗೇ, ಡಿಸೈನ್ ಸೂಪರ್. ಆದ್ರೆ ಇಲ್ಲೊಂದ್ ಕಡೆ ಸ್ವಲ್ಪ ಸೊಟ್ಟ ಬಂದಿದೆ, ನೋಡಿದ್ರಾ?"

ನಾನು ಎದುರಿಗೆ ನೋಡಿದೆ. ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಮೈಕಿನ ಸ್ಕ್ರೂ ಹಿಡಿದು ಚಿಕ್ಕಪ್ಪ ನಿಂತಿದ್ದರು.

"ಸೊಟ್ಟ ಅಲ್ಲ ಕಣೇ," ಎಂದೆ. "ಅಲ್ಲಿ ಒರಳುಕಲ್ಲಿದೆ."